ನನ್ನ ಬಾಗಿಲಿಗೊಂದು ಹಾಡು

ನಮ್ಮ ಊರಿನಲ್ಲಿ ಕೀಲಿ ರಿಪೇರಿ ಅಂಗಡಿ ಹುಡುಕಿಕೊಂಡು ಹೋದರೆ ಚಪ್ಪಲಿ ಸವೆಯುತ್ತದೆ ಅಷ್ಟೆ. ಇಲ್ಲಿ ಬಾಗಿಲು ತೆರೆಯುವುದು ಹಾಡಿಗೆ. ಚೌಕಟ್ಟಿನ ಮಗ್ಗುಲಿಗೆ ಒಂದು ಪೆಟ್ಟಿಗೆ, ಅದರಿಂದ ಇಳಿಬಿದ್ದ ಮೈಕು, ಅಂಗೈಯಗಲದ ಸ್ಕ್ರೀನು. ಗುಂಡಿ ಒತ್ತಿದರೆ ತಬಲಾ, ಹಾರ್ಮೋನಿಯಂ ಶುರುವಾಗುತ್ತವೆ, ಸ್ಕ್ರೀನಿನ ಮೇಲೆ ಅಕ್ಷರಗಳು ಓಡುತ್ತವೆ, ಮನೆಯ ಒಡೆಯ ನಿಂತು ತನ್ನ ಕರೋಕೆ ಹಾಡುತ್ತಾನೆ, ಬಾಗಿಲು ತೆರೆಯುತ್ತದೆ. ಬಾಗಿಲು ಮೊಟ್ಟಮೊದಲು ಯಾರ ದನಿ ಕೇಳಿತೋ ಆ ಒಂದು ದನಿಯನ್ನೇ ನೆನಪಿಟ್ಟುಕೊಳ್ಳುತ್ತದೆ. ಬೇರೆ ಯಾರು ಹಾಡಿದರೂ, ಎಂಥ ಗವಾಯಿಯೇ ಬಂದು ಹಾಡಿದರೂ, ಪೆಟ್ಟಿಗೆ ಟಿಣ್ ಎಂದು ಬಾರಿಸಿ ಸುಮ್ಮನಾಗುತ್ತದೆ.

ಸಂಜೆ ಕೆಲಸ ಬಿಡುವ ಹೊತ್ತಿಗೆ ಓಣಿಗಳಲ್ಲಿ ಏನು ಗದ್ದಲ ಅಂತೀರಿ! ಒಂದು ಬಾಗಿಲಲ್ಲಿ ವಿರಹ, ಪಕ್ಕದ ಬಾಗಿಲಲ್ಲಿ ಭಜನೆ, ಎದುರಿಗೆ ಮಳೆಯಲ್ಲಿ ನೆನೆಯುವ ಪ್ರೇಮಗೀತೆ. ಶೀತವಾದವರು ದನಿ ಬರುವ ತನಕ ಯಾರದಾದರೂ ಕಟ್ಟೆಯ ಮೇಲೆ ಕೂತು ಕಷಾಯ ಕುಡಿಯುತ್ತಿರುತ್ತಾರೆ, ಅವರಿಗೆ ಊಟ ಕೊಡುವುದು ಓಣಿಯವರ ಪಾಲಿನ ಕೆಲಸ. ಹಾಡು ಆರಿಸುವಾಗ ಬುದ್ಧಿ ಇರಬೇಕು ಎನ್ನುವುದು ಅದಕ್ಕೇ. ಬಸ್ ಕಂಡಕ್ಟರ್ ಆಗಿದ್ದ ಫಕೀರಪ್ಪ ಮಾಮಾ ಮದುವೆಯ ಹೊಸದರಲ್ಲಿ ಹೆಂಡತಿಯನ್ನು ಮೆಚ್ಚಿಸಲು ಮೂರು ಚರಣದ ಪ್ರೇಮಗೀತೆ ಆರಿಸಿಕೊಂಡರು. ಈಗ ಮಂಡಿ ನೋವು, ಒಂದು ಕೈಯಲ್ಲಿ ಹೀರೆಕಾಯಿ, ಇನ್ನೊಂದು ಕೈಯಲ್ಲಿ ಹಾಲಿನ ಪ್ಯಾಕೆಟ್ಟು. ಹಾಗೇ ನಿಂತು ನೀನೇ ನನ್ನ ಬೆಳದಿಂಗಳು ಎಂದು ಮೂರೂ ಚರಣ ಹೇಳಬೇಕು. ಅವರ ಹೆಂಡತಿ ಒಳಗೇ ಇರುತ್ತಾಳೆ, ಎದ್ದು ಚಿಲಕ ತೆಗೆಯಬಹುದು. ತೆಗೆಯುವುದಿಲ್ಲ, ಪೂರ್ತಿ ಹಾಡಲಿ ಎನ್ನುತ್ತಾಳೆ.

ನಾನು ನೀಲಾಂಬಿಕೆ, ಊರವರ ಬಾಯಲ್ಲಿ ನೀಲಕ್ಕ. ಬ್ಲೌಜು ಹೊಲಿಯುತ್ತೇನೆ. ನನ್ನ ದನಿಯ ವಿಷಯ ನಾನೇ ಹೇಳಿಬಿಡುತ್ತೇನೆ, ಬೇರೆಯವರು ಹೇಳಿದರೆ ಸಿಟ್ಟು ಬರುತ್ತದೆ. ನಾನು ಬಾಯಿ ತೆರೆದರೆ ಕಾಸಿದ ಹಾಲು ಒಡೆಯುತ್ತದೆ ಎಂದು ನನ್ನ ಹೆತ್ತವ್ವನೇ ಹೇಳುತ್ತಿದ್ದಳು. ಶಾಲೆಯ ಪ್ರಾರ್ಥನೆಯಲ್ಲಿ ನನಗೆ ಬರೀ ತುಟಿ ಆಡಿಸಲು ಹೇಳಿದ್ದರು. ಅದೇ ಹೊಟ್ಟೆಯಲ್ಲಿ ಹುಟ್ಟಿದ ನನ್ನ ಅಣ್ಣ ಚನ್ನಪ್ಪನ ಕಂಠ ಮಾತ್ರ ಜೇನು. ಮದುವೆ, ಮುಂಜಿ, ಸತ್ಕಾರ ಸಮಾರಂಭ, ಎಲ್ಲಿ ಮೈಕು ಇದೆಯೋ ಅಲ್ಲಿ ಅಣ್ಣ. ಅವನು ಸಂಜೆ ಬಾಗಿಲು ತೆಗೆಯುವಾಗ ದಾರಿಹೋಕರು ನಿಂತು ಕೇಳಿ ಹೋಗುತ್ತಾರೆ.

ಆ ಮನೆಯಲ್ಲಿ ನಾನು ಚಿಲಕವಾಗಿದ್ದೆ. ಹೌದು, ಚಿಲಕವೇ. ಬಾಗಿಲಿಗೆ ಗೊತ್ತಿರುವುದು ಅಣ್ಣನ ದನಿ ಒಂದೇ, ಉಳಿದವರು ಒಳಗೆ ಬರಬೇಕೆಂದರೆ ಒಳಗೊಬ್ಬರು ಇರಬೇಕು. ಮದುವೆಯ ಯೋಗ ನನಗೆ ಕೂಡಿ ಬರಲಿಲ್ಲ, ಹೊಲಿಗೆ ಮಷೀನು ಪಡಸಾಲೆಯಲ್ಲೇ ಇತ್ತು, ಹೀಗಾಗಿ ಆ ಒಬ್ಬರು ನಾನೇ ಆದೆ. ಅಣ್ಣನ ಹೆಂಡತಿ, ನನ್ನ ವೈನಿ, ಸಂತೆಯಿಂದ ಬಂದು ನೀಲಾ ಎಂದು ಕೂಗಿದರೆ ಅರ್ಧ ಹೊಲಿಗೆ ಬಿಟ್ಟು ಏಳಬೇಕು. ಮಕ್ಕಳು ಬಂದರೆ ಏಳಬೇಕು, ಮಕ್ಕಳ ಗೆಳೆಯರು ಬಂದರೂ ಏಳಬೇಕು. ನಾನೆಲ್ಲಾದರೂ ಹೋಗಿ ಬಂದಾಗ ಮನೆಯಲ್ಲಿ ಯಾರೂ ಇಲ್ಲದಿದ್ದರೆ ಮೆಟ್ಟಿಲ ಮೇಲೆ ಕೂತು ಕಾಯಬೇಕು. ನೆರೆಯವರು ಏನು ನೀಲಕ್ಕ, ಗಾಳಿಗೆ ಕೂತೀಯೇನು ಎಂದು ಕೇಳುತ್ತಿದ್ದರು, ನಾನು ಹೂಂ ಎನ್ನುತ್ತಿದ್ದೆ.

ಹೀಗಿರುವಾಗ ಊರಿನ ಪಂಚರು ಮನೆ ಇಲ್ಲದವರಿಗೆಂದು ಕೆರೆಯ ಹಿಂದಿನ ಓಣಿಯಲ್ಲಿ ಸಣ್ಣ ಸಣ್ಣ ಹೊಸ ಮನೆ ಕಟ್ಟಿಸಿ ಚೀಟಿ ಎತ್ತಿಸಿದರು. ನನ್ನ ಹೆಸರು ಬಂತು. ಎರಡು ಕೋಣೆ, ಬೆಳಕಿನ ಕಡೆಗೊಂದು ಕಿಟಕಿ, ಮಷೀನು ಇಡಲು ಅಳತೆ ಮಾಡಿ ಕಟ್ಟಿದಂಥ ಜಾಗ. ಆ ರಾತ್ರಿ ಖುಷಿಗೆ ನನಗೆ ಊಟ ಸೇರಲಿಲ್ಲ. ಕರಾರು ಒಂದೇ: ಬರುವ ಹುಣ್ಣಿಮೆಯ ಸಂಜೆ ಪಂಚರು ನೋಡಲು ಬರುತ್ತಾರೆ, ಅವರ ಎದುರಿಗೆ ನಾನೊಬ್ಬಳೇ ಹಾಡಿ ಬಾಗಿಲು ತೆಗೆದು ಒಳಗೆ ಹೋಗಬೇಕು. ಬಾಗಿಲು ತೆರೆಯದಿದ್ದರೆ ಮನೆ ಮುಂದಿನ ಪಾಳಿಯವರಿಗೆ.

ಮುಂದಿನ ಪಾಳಿಯವನ ಹೆಸರು ಕಾಂತೇಶ, ಸೈಕಲ್ ಅಂಗಡಿ ಇಟ್ಟವನು. ನನಗೆ ಮನೆ ಬಂತೆಂದು ಗೊತ್ತಾದ ಮರುದಿನವೇ ಅಣ್ಣನ ಮನೆಗೆ ಬಂದು ನಯವಾಗಿ ಮಾತಾಡಿ ಹೋದ. ಹೋಗುವಾಗ ಮೆಲ್ಲಗೆ, ಆ ಮನೆಯ ಕಿಟಕಿಗೆ ಪರದೆ ಹೊಲಿದು ಕೊಡಲು ಸಾಧ್ಯವೇ ಎಂದು ಕೇಳಿದ. ಅರಿವೆ ತಾನೇ ತರುತ್ತಾನಂತೆ. ಎಲಾ ಇವನ! ಬೇಡ ಅನ್ನಬಹುದಿತ್ತು. ಆದರೆ ಮನೆಬಾಗಿಲಿಗೆ ಬಂದ ಕೆಲಸ ನಾನು ಹಿಂದಕ್ಕೆ ಕಳಿಸಿದವಳಲ್ಲ. ಅಳತೆ ಬರೆದುಕೊಂಡೆ.

ಇನ್ನು ಹಾಡು. ಹಾಡು ಬಾರದವರು ಹಾಡು ಆರಿಸುವ ಕಷ್ಟ ಹಾಡುವವರಿಗೆ ತಿಳಿಯುವುದಿಲ್ಲ. ಅವರಿಗೆ ಎಲ್ಲ ಹಾಡೂ ಒಂದೇ. ನಮಗೆ ಹಾಗಲ್ಲ. ಇದರಲ್ಲಿ ಮೇಲೆ ಹತ್ತಬೇಕು, ಅದರಲ್ಲಿ ಉಸಿರು ಸಾಲುವುದಿಲ್ಲ, ಮತ್ತೊಂದರಲ್ಲಿ ಎಲ್ಲಿ ಶುರು ಮಾಡಬೇಕೆಂದೇ ಗೊತ್ತಾಗುವುದಿಲ್ಲ. ಆದರೆ ಹಾಡು ಬಾರದವರಿಗೆ ಮೆಚ್ಚಿನ ಹಾಡು ಇರುವುದಿಲ್ಲ ಎಂದು ಯಾರು ಹೇಳಿದರು? ನನಗೊಂದಿತ್ತು. ಕುದುರೆಗಾಡಿ ಹೊಡೆಯುವ ಹೆಣ್ಣೊಬ್ಬಳ ಹಾಡು, ಎಂದೋ ಟೆಂಟಿನಲ್ಲಿ ನೋಡಿದ ಸಿನಿಮಾದ್ದು. ನಿಲ್ಲಬೇಡ ಕುದುರೆಯೇ, ಊರು ಹಿಂದೆ ಉಳಿಯಲಿ ಎಂದು ಶುರುವಾಗುತ್ತದೆ. ಓಟದ ಹಾಡು, ಕೊನೆಗೆ ಅವಳು ಹೋ ಎಂದು ಎತ್ತಿದರೆ ಆ ದನಿ ಮುಗಿಲಿಗೆ ಹೋಗಿ ಅಲ್ಲೇ ನಿಲ್ಲುತ್ತದೆ. ಮಷೀನು ತುಳಿಯುವಾಗ ಅದು ನನ್ನೊಳಗೆ ತಾನೇ ಓಡುತ್ತಿರುತ್ತದೆ. ಒಳಗೆ ಮಾತ್ರ, ಹೊರಗೆ ಯಾರೂ ಕೇಳಿದ್ದಿಲ್ಲ.

ಊಟದ ಹೊತ್ತಿನಲ್ಲಿ ಆ ಹಾಡಿನ ಹೆಸರು ಎತ್ತಿದೆ. ಅಣ್ಣ ನಗುತ್ತಾ ನಗುತ್ತಾ ನೆತ್ತಿಗೆ ಹತ್ತಿಸಿಕೊಂಡ, ವೈನಿ ಬೆನ್ನು ತಟ್ಟಿ ನೀರು ಕುಡಿಸಬೇಕಾಯಿತು. ಅದನ್ನು ಹಾಡಲು ತಾನೇ ಹಿಂದೆ ಮುಂದೆ ನೋಡುತ್ತೇನೆ, ಆ ಕೊನೆಯ ಏರು ಎಲ್ಲರಿಗೂ ಎಟುಕುವುದಲ್ಲ ಎಂದ. ಆಮೇಲೆ ಅವನಿಗೇ ಪಾಪ ಅನ್ನಿಸಿತೋ, ಮನೆತನದ ಮರ್ಯಾದೆಯ ಚಿಂತೆ ಹತ್ತಿತೋ, ತಾನೇ ಒಂದು ಹಾಡು ಆರಿಸಿ ಕಲಿಸುತ್ತೇನೆ ಎಂದ. ಆರಿಸಿದ್ದು ಜೋಗುಳ. ಮೂರೇ ಮೂರು ಸ್ವರ, ತೊಟ್ಟಿಲ ಕೂಸೂ ಹಾಡೀತು ಎಂದ. ವೈನಿಗೆ ಇದ್ಯಾವುದೂ ಬೇಕಿರಲಿಲ್ಲ. ನಾನು ಹೋದರೆ ತಾನು ಸಂತೆಗೆ ಹೋಗಿ ಬಂದಾಗ ಬಾಗಿಲು ಯಾರು ತೆಗೆಯಬೇಕು ಎಂದು ನೇರವಾಗಿ ಕೇಳಿದಳು. ಅಣ್ಣ ಮಜ್ಜಿಗೆ ಕೇಳಿದ.

ಮುಂದಿನ ದಿನಗಳನ್ನು ನೆನೆಸಿಕೊಂಡರೆ ಈಗಲೂ ಗಂಟಲು ಒಣಗುತ್ತದೆ. ಬೆಳಗ್ಗೆ ಜೋಗುಳ, ಸಂಜೆ ಜೋಗುಳ. ಅಣ್ಣ ಎದುರು ಕೂತು ಕೈಯಾಡಿಸುತ್ತಾನೆ, ಕೈ ಮೇಲೆ ಹೋದರೆ ದನಿ ಮೇಲೆ, ಕೆಳಗಿಳಿದರೆ ಕೆಳಗೆ. ಹೊಟ್ಟೆ ಬಿಗಿಹಿಡಿ, ಗಲ್ಲ ತಗ್ಗಿಸು, ಮೂಗಿನಿಂದ ಬೇಡ, ಗಂಟಲಿನಿಂದಲೂ ಬೇಡ. ಹಾಗಾದರೆ ಎಲ್ಲಿಂದ ಹಾಡಲಿ ಎಂದು ಕೇಳಿದರೆ ನಾಭಿಯಿಂದ ಅಂದ. ನನ್ನ ನಾಭಿಗೂ ಹಾಡಿಗೂ ಆವರೆಗೆ ಪರಿಚಯವೇ ಇರಲಿಲ್ಲ. ಆದರೂ ಹಟ ಹಿಡಿದು ಕಲಿತೆ. ಮನೆ ಬೇಕಿತ್ತಲ್ಲ.

ಬಾಗಿಲಿಗೆ ಹಾಡು ಕಲಿಸುವ ದಿನ ಹುಸೇನಸಾಬ ಬಂದ. ಊರಿನ ಬಾಗಿಲುಗಳಿಗೆಲ್ಲ ಪೆಟ್ಟಿಗೆ ಕೂಡಿಸುವ ಮೇಸ್ತ್ರಿ ಅವನೇ. ಅರ್ಧ ಊರು ನೆರೆದಿತ್ತು, ನಾನು ಹಾಡುವುದನ್ನು ಕೇಳುವ ಯೋಗ ಮತ್ತೆ ಬರುತ್ತದೋ ಇಲ್ಲವೋ ಎಂದು. ಹಾಡಿದೆ ನೋಡಿ. ಉಸಿರು ಬಿಗಿದು, ಕಣ್ಣು ಅಣ್ಣನ ಕೈಯ ಮೇಲೆ ನೆಟ್ಟು, ಒಂದು ಸ್ವರವೂ ಜಾರದಂತೆ ಹಾಡಿದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ. ಬಾಗಿಲು ಕಿರ್ ಎಂದು ತೆರೆದುಕೊಂಡಿತು, ಜನ ಚಪ್ಪಾಳೆ ಹೊಡೆದರು, ಅಪ್ಪನ ಹೆಸರು ಉಳಿಸಿದಿ ಎಂದು ಅಣ್ಣ ಕಣ್ಣು ಒರೆಸಿಕೊಂಡ. ಹಾಲು ಉಕ್ಕಿಸಿದೆವು. ನಿದ್ದೆ ಬರಿಸುವ ಹಾಡಿಗೆ ಬಾಗಿಲು ಹೇಗೆ ಎದ್ದಿತು ಎಂದು ಎದುರು ಮನೆಯ ಫಕೀರಪ್ಪ ಮಾಮಾ ಚೇಷ್ಟೆ ಮಾಡಿದರು. ಅವರದೂ ಆ ಓಣಿಯೇ.

ಮರುದಿನ ಮಷೀನನ್ನು ಕೈಗಾಡಿಯಲ್ಲಿ ಹೇರಿಕೊಂಡು ಬಂದೆ. ಗುಂಡಿ ಒತ್ತಿ ಹಾಡಿದೆ. ಟಿಣ್. ಗಾಡಿಯ ಧೂಳು ಗಂಟಲಿಗೆ ಹೋಗಿರಬೇಕೆಂದು ನೀರು ಕುಡಿದು ಮತ್ತೆ ಹಾಡಿದೆ. ಟಿಣ್. ಅಣ್ಣನನ್ನು ಕರೆಸಿದೆ, ಅವನು ಕೈಯಾಡಿಸಿದ, ನಾನು ಹೊಟ್ಟೆ ಬಿಗಿಹಿಡಿದೆ, ಗಲ್ಲ ತಗ್ಗಿಸಿದೆ, ನಾಭಿಯನ್ನು ನೆನೆದೆ. ಟಿಣ್. ಗಾಡಿಯವನು ಬಾಡಿಗೆ ಹೆಚ್ಚಾಗುತ್ತದೆ ಎಂದ. ಮಷೀನನ್ನು ಫಕೀರಪ್ಪ ಮಾಮಾ ಅವರ ಕಟ್ಟೆಯ ಮೇಲೆ ಇಳಿಸಿದೆ, ನಾನೂ ಅಲ್ಲೇ ಕೂತೆ.

ಅಲ್ಲಿಂದ ಹುಣ್ಣಿಮೆಯವರೆಗೆ ನನ್ನ ಬದುಕು ಆ ಕಟ್ಟೆಯ ಮೇಲೆಯೇ. ಹಗಲು ಅಲ್ಲೇ ಕೂತು ಹೊಲಿಯುತ್ತಿದ್ದೆ, ನಡುನಡುವೆ ಎದ್ದು ಹೋಗಿ ಜೋಗುಳ ಹಾಡಿ, ಟಿಣ್ ಅನ್ನಿಸಿಕೊಂಡು ಬರುತ್ತಿದ್ದೆ. ಓಣಿಯ ಕೂಸುಗಳು ಮಾತ್ರ ಚೆನ್ನಾಗಿ ನಿದ್ದೆ ಮಾಡಿದವು. ಕಾಂತೇಶ ದಿನಾ ಸೈಕಲ್ ಮೇಲೆ ಬಂದು, ಪರದೆ ಎಲ್ಲಿಗೆ ಬಂತು ಎಂದು ಕೇಳಿ, ಕಿಟಕಿಯಲ್ಲಿ ಇಣುಕಿ, ಅಡುಗೆಕೋಣೆಯಲ್ಲಿ ಹಲಗೆ ಎಲ್ಲಿ ಹೊಡೆಯಬೇಕೆಂದು ತನ್ನಷ್ಟಕ್ಕೆ ಮಾತಾಡಿಕೊಂಡು ಹೋಗುತ್ತಿದ್ದ. ವೈನಿ ಬುತ್ತಿ ಕಟ್ಟಿಕೊಂಡು ಬರುತ್ತಿದ್ದಳು. ಇಷ್ಟು ವರ್ಷದಲ್ಲಿ ನನಗೆಂದೇ ಅವಳು ಬದನೆಕಾಯಿ ಎಣ್ಣೆಗಾಯಿ ಮಾಡಿದ್ದು ಆಗಲೇ. ತಿನ್ನು, ತಿಂದು ಮನೆಗೆ ನಡೆ, ನಿನ್ನ ಜಾಗ ಹಾಗೇ ಇದೆ ಎನ್ನುತ್ತಿದ್ದಳು. ನನ್ನ ಜಾಗ ಎಂದರೆ ಬಾಗಿಲ ಹಿಂದೆ. ಎಣ್ಣೆಗಾಯಿ ತಿಂದು ಡಬ್ಬಿ ತೊಳೆದು ವಾಪಸ್ಸು ಕೊಡುತ್ತಿದ್ದೆ. ಅವಳು ಹೋದ ಮೇಲೆ ಅಳು ಬರುತ್ತಿತ್ತು, ಅಳುತ್ತಿದ್ದೆ.

ಹುಣ್ಣಿಮೆಯ ಹಿಂದಿನ ದಿನ ಒಬ್ಬಳು ಗಿರಾಕಿ ಹೊಸ ಬ್ಲೌಜು ಹಿಡಿದುಕೊಂಡು ಜಗಳಕ್ಕೆ ಬಂದಳು. ಕೊಕ್ಕೆ ಕೂಡುತ್ತಿಲ್ಲವಂತೆ, ನಾನು ಅಳತೆ ತಪ್ಪಿದ್ದೇನಂತೆ. ನನಗೂ ಮೊದಲೇ ತಲೆ ಕೆಟ್ಟಿತ್ತು, ಎದ್ದು ನಿಂತು ಬೈದೆ. ಅಳತೆ ಕೊಡುವಾಗ ತೆಳ್ಳಗೆ ಕಾಣಬೇಕೆಂದು ಉಸಿರು ಬಿಗಿಹಿಡಿದು ನಿಲ್ಲುತ್ತೀರಿ, ಆಮೇಲೆ ಮನೆಗೆ ಹೋಗಿ ಉಸಿರು ಬಿಡುತ್ತೀರಿ, ಅರಿವೆಯದೇನು ತಪ್ಪು, ದಿನಾ ಹೇಗಿರುತ್ತೀರೋ ಹಾಗೆ ನಿಂತು ಅಳತೆ ಕೊಡಬೇಕು ಎಂದೆ. ಎಂದವಳು ಅಲ್ಲೇ ಬಾಯಿ ಮುಚ್ಚಿಕೊಂಡೆ. ಎದುರಿಗೆ ನನ್ನ ಬಾಗಿಲು ಕಾಣುತ್ತಿತ್ತು. ಅಯ್ಯೋ ನನ್ನ ಹಣೆಬರಹವೇ, ಬಾಗಿಲಿಗೆ ನಾನು ಕೊಟ್ಟ ದನಿಯ ಅಳತೆಯೂ ಅಂಥದ್ದೇ ಅಲ್ಲವೇ. ಗಿರಾಕಿಯ ಬ್ಲೌಜಿಗೆ ಎರಡೂ ಕಡೆ ಹೊಲಿಗೆ ಬಿಚ್ಚಿ ಸಡಿಲ ಮಾಡಿ ಕೊಟ್ಟು, ಸೀದಾ ಹುಸೇನಸಾಬನ ಮನೆಗೆ ನಡೆದೆ.

ಬಾಗಿಲಿಗೆ ಕಲಿತದ್ದನ್ನು ಮರೆಸಬಹುದೇ ಎಂದು ಕೇಳಿದೆ. ಚೌಕಟ್ಟಿಗೆ ಎಣ್ಣೆ ಉಣಿಸಿ ಮರದ ಕೊಡತಿಯಿಂದ ತಟ್ಟಿದರೆ ಮರೆಯುತ್ತದೆ, ಆದರೆ ಒಂದೇ ಸಲ, ಎರಡನೆಯ ಸಲ ತಟ್ಟಿದರೆ ಕಟ್ಟಿಗೆ ಸೀಳುತ್ತದೆ ಎಂದ. ಆ ಒಂದು ಸಲವನ್ನು ವ್ಯರ್ಥ ಮಾಡಬೇಡ, ಜೋಗುಳಕ್ಕಿಂತ ಹಗುರಾದ ಹಾಡು ಆರಿಸಿಕೋ, ಒಂದೇ ಸ್ವರದ ಹಾಡುಗಳೂ ಇವೆ, ತನ್ನ ಹತ್ತಿರ ಒಂದು ಗಂಟೆ ಬಾರಿಸುವ ಹಾಡೇ ಇದೆ ಎಂದು ಬಹಳ ಹೊತ್ತು ಹೇಳಿದ. ನಾಳೆ ಸಂಜೆ ಕೊಡತಿ ತೆಗೆದುಕೊಂಡು ಬಾ ಎಂದಷ್ಟೇ ಹೇಳಿ ಬಂದೆ. ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ, ಭಯ ಎಂದರೆ ಭಯ.

ಹುಣ್ಣಿಮೆಯ ಸಂಜೆ ಪಂಚರು ಬಂದರು, ಕುರ್ಚಿ ಹಾಕಿಸಿಕೊಂಡು ಕೂತರು. ಕಾಂತೇಶ ಬಂದ. ಹಿಂದಿನ ದಿನವಷ್ಟೇ ಹೊಲಿದು ಕೊಟ್ಟ ಪರದೆಗಳನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡೇ ಬಂದಿದ್ದ. ಅಣ್ಣ ಶಾಲು ಹೊದ್ದು, ಇನ್ನೂ ಹಗುರಾದ ಹಾಡೊಂದನ್ನು ಚೀಟಿಯಲ್ಲಿ ಬರೆದು ತಂದಿದ್ದ. ವೈನಿ ಕಟ್ಟೆಯ ಮೂಲೆಯಲ್ಲಿ ಕೂತಿದ್ದಳು. ಹುಸೇನಸಾಬ ಎಣ್ಣೆ ಹಚ್ಚಿ ಕೊಡತಿಯಿಂದ ಚೌಕಟ್ಟನ್ನು ತಟ್ಟಿದ, ಬಾಗಿಲು ಒಮ್ಮೆ ನಡುಗಿ ಸುಮ್ಮನಾಯಿತು. ಯಾವ ಹಾಡು ಹಾಕಲಿ ಎಂದು ಅವನು ಕೇಳಿದ. ಅಣ್ಣ ಚೀಟಿ ಮುಂದೆ ಹಿಡಿದ.

"ಕುದುರೆಗಾಡಿ ಹಾಡು ಹಾಕೋ ಸಾಬಾ," ಎಂದೆ.

ಅಣ್ಣ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಅಂದ, "ನೀಲಾ, ಹುಚ್ಚಿ ಹಂಗ ಮಾಡಬ್ಯಾಡ. ಅದು ನಿನ್ನ ಕೈಲೆ ಆಗಂಗಿಲ್ಲ. ಮನಿ ಹೋಗ್ತೈತಿ."

"ಛಲೋ ಹಾಡಾಕ ನನ್ನ ಕೈಲೆ ಆಗಂಗಿಲ್ಲ ಅಣ್ಣಾ, ನಂಗೂ ಗೊತ್ತೈತಿ," ಎಂದೆ. "ಆದ್ರ ದಿನಾ ಹಾಡಾಕಿ ನಾನು. ಕೆಟ್ಟದಾಗೇ ಹಾಡೂದೈತಿ ಅಂದಮ್ಯಾಲ ನನಗ ಸೇರಿದ್ದರ ಹಾಡ್ತೀನಿ. ನೀ ಒಂದೀಟ ಆ ಕಡೆ ಸರಿ. ನಿನ್ನ ಕೈ ನೋಡಿದರ ನನ್ನ ದನಿ ನನಗ ಬರಂಗಿಲ್ಲ."

ಅವನು ಸರಿದ. ತಬಲಾ ಶುರುವಾಯಿತು. ಎಲ್ಲಿ ಎತ್ತಬೇಕೋ ಅಲ್ಲಿ ನಾನು ಎತ್ತಲಿಲ್ಲ, ಸ್ವಲ್ಪ ತಡವಾಯಿತು. ತಡವಾದದ್ದಕ್ಕೆ ಅವಸರ ಮಾಡಿ ಕುದುರೆಗಿಂತ ಮುಂದೆ ಓಡಿದೆ. ಮೂಗಿನಿಂದ ಹಾಡಿದೆ, ಗಂಟಲಿನಿಂದ ಹಾಡಿದೆ, ಎಲ್ಲಿಂದ ಬಂತೋ ಅಲ್ಲಿಂದ ಹಾಡಿದೆ. ಪಂಚರಲ್ಲಿ ಒಬ್ಬರು ಕಿವಿಯ ಮಷೀನು ತೆಗೆದು ಕಿಸೆಗೆ ಹಾಕಿಕೊಂಡರು. ಕಟ್ಟೆಯ ಕೆಳಗೆ ಮಲಗಿದ್ದ ನಾಯಿ ಎದ್ದು ಬೇರೆ ಓಣಿಗೆ ಹೋಯಿತು. ನನಗೆ ನಾಚಿಕೆಯಾಗಲಿಲ್ಲ. ಇಷ್ಟು ವರ್ಷ ಒಳಗೊಳಗೆ ಓಡುತ್ತಿದ್ದ ಗಾಡಿ ಹೊರಗೆ ಬಂದಿತ್ತು, ನಾನು ಅದರ ಮೇಲೆ ಕೂತಿದ್ದೆ. ಕೊನೆಯ ಹೋ ಬಂದಾಗ ಕಣ್ಣು ಮುಚ್ಚಿ ಎತ್ತಿದೆ. ಅದು ಮುಗಿಲಿಗೆ ಹೋಗಲಿಲ್ಲ, ನಡುವೆ ಎರಡು ಕಡೆ ಸೀಳಿ, ಅತ್ತಿತ್ತ ಹೊಯ್ದಾಡಿ, ಎಲ್ಲೋ ಮಾಡಿನ ಮಟ್ಟದಲ್ಲಿ ನಿಂತಿತು. ಬಾಗಿಲು ತೆರೆಯಿತು.

ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಮೊದಲ ಸಲ ಯಾರ ದನಿಗಾದರೂ ತೆರೆಯುತ್ತದೆ, ಲೆಕ್ಕಕ್ಕೆ ಬರುವುದು ಎರಡನೆಯದು. ಹುಸೇನಸಾಬ ಬಾಗಿಲು ಎಳೆದು ಮುಚ್ಚಿದ. ಕಾಂತೇಶ ಪರದೆಗಳನ್ನು ಈ ಕಂಕುಳಿಂದ ಆ ಕಂಕುಳಿಗೆ ಬದಲಾಯಿಸಿಕೊಂಡ. ನಾನು ಗುಂಡಿ ಒತ್ತಲು ಹೋದೆ, ಎರಡು ಸಲ ತಪ್ಪಿತು. ಅಷ್ಟು ಕೆಟ್ಟದಾಗಿ ಮತ್ತೊಮ್ಮೆ ಹಾಡಲು ಆಗುತ್ತದೆಯೇ ಎಂಬ ಭಯ ಆಗ ಬಂತು.

ಆಯಿತು ನೋಡಿ. ಅದಕ್ಕೆ ಅಭ್ಯಾಸ ಬೇಕಿರಲಿಲ್ಲ. ತಡವಾದಲ್ಲೇ ತಡವಾಯಿತು, ಅವಸರವಾದಲ್ಲೇ ಅವಸರವಾಯಿತು, ಕೊನೆಯ ಹೋ ಅದೇ ಎರಡು ಕಡೆ ಸೀಳಿತು. ಬಾಗಿಲು ತೆರೆದುಕೊಂಡಿತು. ಓಣಿಗೆ ಓಣಿಯೇ ಕೂಗಿತು. ಫಕೀರಪ್ಪ ಮಾಮಾ ಅವರ ಹೆಂಡತಿ ಹೊರಗೆ ಬಂದು, ಹಾಡೆಂದರೆ ಇದು ಎಂದು ಗಂಡನ ಕಡೆ ನೋಡಿ ಹೇಳಿದಳು. ಪಂಚರು ಮನೆ ನನ್ನದೆಂದು ಸಾರಿ, ತಮ್ಮಲ್ಲಿ ಯಾರೂ ಮೂರನೆಯ ಸಲ ಕೇಳುವ ಅಗತ್ಯವಿಲ್ಲ ಎಂದು ಎದ್ದರು. ಕಾಂತೇಶ ಪರದೆಗಳನ್ನು ತಿರುವಿ ಮುರುವಿ ನೋಡಿ, ಈ ಅಳತೆಯ ಕಿಟಕಿ ನನಗೆ ಇನ್ನೆಲ್ಲಿ ಸಿಗುತ್ತದೆ ಎಂದು ಗೊಣಗುತ್ತಾ ನನ್ನ ಮಷೀನಿನ ಮೇಲೆ ಇಟ್ಟು ಹೋದ. ಒಳ್ಳೆಯ ಅರಿವೆ, ಹಸಿರು ಚೌಕಳಿಯದು.

ಜನ ಕರಗಿದರು. ಅಣ್ಣ ಮಷೀನನ್ನು ಒಳಗಿಟ್ಟು, ಪಂಚರನ್ನು ಕಳಿಸಿ ಬರುತ್ತೇನೆ ಎಂದು ಹೋದ. ವೈನಿ ಒಳಗೆ ಬಂದಳು. ನಾನು ಬಾಗಿಲು ಹಾಕಿ ಚಹಾಕ್ಕೆ ಇಟ್ಟೆ. ಅವಳು ಎರಡು ಕೋಣೆಯನ್ನೂ ನೋಡಿ ಬಂದು ನೆಲದ ಮೇಲೆ ಕೂತಳು. ಬೈಯುತ್ತಾಳೆ, ಬಾಗಿಲ ಮಾತು ಎತ್ತುತ್ತಾಳೆ ಎಂದು ನಾನು ಉತ್ತರ ಹೊಂದಿಸಿಕೊಳ್ಳುತ್ತಿದ್ದೆ. ಅವಳು ಚಹಾದ ಬಟ್ಟಲು ಕೈಗೆ ತೆಗೆದುಕೊಂಡು ಕೇಳಿದಳು.

"ನೀಲಾ, ನಿನ್ನ ದನಿ ಅಷ್ಟ ಕೆಟ್ಟ ಐತಿ ಅಂದರೂ ಬಾಗಲಾ ತಗೀತಲ್ಲ?"

"ತಗೀತು ವೈನಿ."

"ನಂದು ನಿನ್ನಕಿಂತ ಕೆಟ್ಟ ಐತಿ."

ನಾನು ಬಟ್ಟಲು ಕೆಳಗಿಟ್ಟೆ. ಆ ಮನೆಗೆ ಅವಳು ಸೊಸೆಯಾಗಿ ಬಂದಾಗ ನನಗೆ ಹದಿನಾರು. ಅಂದಿನಿಂದ ಅವಳು ಹಾಡಿದ್ದನ್ನು ನಾನು ಕೇಳಿಲ್ಲ, ಗುನುಗಿದ್ದನ್ನೂ ಕೇಳಿಲ್ಲ. ಬಾಗಿಲಲ್ಲಿ ನಿಂತು ನನ್ನ ಹೆಸರು ಕೂಗುವುದೊಂದೇ ನಾನು ಕೇಳಿದ ಅವಳ ಎತ್ತಿದ ದನಿ. ನನ್ನನ್ನು ಎಬ್ಬಿಸುತ್ತಾಳೆ ಎಂದು ಅವಳ ಮೇಲೆ ಸಿಟ್ಟಾಗುತ್ತಿದ್ದೆನೇ ಹೊರತು, ತನ್ನ ಮನೆಗೆ ಬರಲು ಅವಳಿಗೂ ಇನ್ನೊಬ್ಬರು ಏಳಬೇಕಾಗುತ್ತದೆ ಎಂದು ಒಂದು ದಿನವೂ ಯೋಚಿಸಿರಲಿಲ್ಲ. ನಿನ್ನ ಮೆಚ್ಚಿನ ಹಾಡು ಯಾವುದು ವೈನಿ ಎಂದು ಕೇಳಿದೆ. ಅವಳು ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕು, ಬೇಡ ಎಂದಳು, ಮತ್ತೆ ಬೇಡ ಎಂದಳು, ಆಮೇಲೆ ಗೋಡೆಗೆ ಮುಖ ಮಾಡಿ ಶುರು ಮಾಡಿಯೇಬಿಟ್ಟಳು.

ಖರೆ ಹೇಳಿದ್ದಳು, ನನ್ನದಕ್ಕಿಂತ ಕೆಟ್ಟದಾಗಿತ್ತು. ನಾನು ಕನಿಷ್ಠ ಒಂದೇ ಹಾಡು ಹಾಡುತ್ತೇನೆ, ಅವಳದು ಎರಡು ಹಾಡು ಬೆರೆತ ಹಾಗೆ ಕೇಳುತ್ತಿತ್ತು. ಬೆಟ್ಟದ ಮೇಲಿನ ಬೆಳಕಿನ ಬಗ್ಗೆ ಏನೋ ಇತ್ತು. ಅವಳ ಕಿವಿಗಳು ಕೆಂಪಾಗಿದ್ದವು, ಕೈ ತೊಡೆಯ ಮೇಲೆ ತಾಳ ಹಾಕುತ್ತಿತ್ತು, ತಾಳ ಇನ್ನೂ ಬೇರೆಯೇ ದಾರಿ ಹಿಡಿದಿತ್ತು. ನನಗೆ ನಗುವೂ ಬಂತು, ಕಣ್ಣಲ್ಲಿ ನೀರೂ ಬಂತು.

ಎರಡನೆಯ ಚರಣದಲ್ಲಿ ಹೊರಗೆ ಅಣ್ಣ ಬಂದ. ಕರೆದರೆ ಒಳಗೆ ಕೇಳಿಸಲಿಲ್ಲವೆಂದು ಕಾಣುತ್ತದೆ, ಮೈಕಿನಲ್ಲಿ ಕುದುರೆಗಾಡಿ ಹಾಡು ಶುರು ಮಾಡಿದ. ಏನು ಕಂಠ, ಏನು ಏರು! ಕೊನೆಯ ಹೋ ಮುಗಿಲಿಗೆ ಹೋಗಿ ಅಲ್ಲೇ ನಿಂತಿತು, ಸಿನಿಮಾದಲ್ಲಿ ಕೇಳಿದ ಹಾಗೇ. ಟಿಣ್ ಎಂದಿತು. ಅವನು ಮತ್ತೆ ಮೊದಲಿನಿಂದ ಹಾಡಿದ, ಇನ್ನೂ ಚೆನ್ನಾಗಿ ಹಾಡಿದ. ಟಿಣ್. ನಾನು ಚಿಲಕ ತೆಗೆಯಲು ಎದ್ದೆ.

ವೈನಿ ನನ್ನ ಸೀರೆ ಹಿಡಿದು ಕೂರಿಸಿದಳು.

"ತಡೀ, ಇನ್ನೊಂದು ಚರಣ ಐತಿ," ಎಂದಳು.